ಅಡಿಯಲ್ಲಿ ನಿಂತ ಪಾಕ

ನಮ್ಮ ರೋಸ್ಮೇರಿಗೆ ಸಿಹಿಯ ಹುಚ್ಚು. ಇದನ್ನು ನಾನೇ ಹೇಳಬೇಕೆಂದಿಲ್ಲ, ಹೊಸಂಗಡಿ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಅವಳೂ ಸೇರಿ ನಡೆಸುವ ಹೊಲಿಗೆ ಅಂಗಡಿಯ ಎದುರಿಗೇ ಬಾವಾಕನ ಸರ್ಬತ್ತಿನ ಅಂಗಡಿ. ಉಳಿದವರಿಗೆ ಹಾಕುವುದರ ಎರಡು ಪಾಲು ನನ್ನಾರಿ ಬೇರಿನ ಸಿಹಿ ಪಾಕ ಹಾಕಿದರೂ, "ಬಾವಾಕ, ಇವತ್ತು ಸಕ್ಕರೆ ಸಿಗ್ಲಿಲ್ವಾ?" ಎಂದು ಕೇಳುವವಳು ಅವಳು. "ಬಾಯಮ್ಮ, ನಿಮಗೆ ಸರ್ಬತ್ ಬೇಡ. ಪಾಕದ ಕುಪ್ಪಿಯನ್ನೇ ಕೊಡ್ತೇನೆ, ಕೂತು ನೆಕ್ಕಿ" ಎಂದು ಬಾವಾಕ ನಗಾಡುತ್ತಿದ್ದರು.

ಹುಳಿ ಕಂಡರೆ ಮಾತ್ರ ಅವಳಿಗಾಗದು. ಊಟದ ಎಲೆಯಲ್ಲಿ ಲಿಂಬೆಯ ತುಂಡು ಕಂಡರೇ ಕಣ್ಣು ಮುಚ್ಚುತ್ತಾಳೆ. ಅವಳ ಮನೆಮಾತು ಕೊಂಕಣಿ, ನನ್ನದು ತುಳು, ನಡುವೆ ಜಗಳಕ್ಕೊಂದು ಕನ್ನಡ. ಹೀಗೆ ನಮ್ಮ ಅಂಗಡಿ ನಡೆಯುತ್ತಾ ಬಂದಿದೆ. ನಾನು ಕತ್ತರಿಸುವವಳು, ಅವಳು ಹೊಲಿಯುವವಳು. ಬಾಯಿ ಹೆಚ್ಚು ನನ್ನದು, ಸಹನೆ ಹೆಚ್ಚು ಅವಳದ್ದು.

ಅವಳ ಗಂಡ ಜೆರೋಮ್ ವಯರಿಂಗ್ ಕೆಲಸದವರು. ತುಳುವಿನಲ್ಲಿ ಕ್ರಿಸ್ತಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳೇ ಎಂದೇ ಕರೆಯುತ್ತಿದ್ದೆ. ಮೆಲುಮಾತಿನ ಮನುಷ್ಯ, ಆದರೆ ಒಂದು ವಿಷಯದಲ್ಲಿ ಮಾತ್ರ ಭಾರೀ ಜಂಬ. ಅದು ಅವರು ಮನೆಯಲ್ಲಿ ಮಾಡುತ್ತಿದ್ದ ವೈನು. ಅಬಕಾರಿಯವರು ಹಿಡಿಯುತ್ತಾರಂತೆ ಎಂದು ಪ್ರತಿವರ್ಷ ಯಾರಾದರೂ ಹೆದರಿಸುತ್ತಿದ್ದರು. ಇವರು ಕೇಳಬೇಕಲ್ಲ! ಕಪ್ಪು ದ್ರಾಕ್ಷಿ, ಒಂದು ಮುಷ್ಟಿ ಗೋಧಿ, ಲೆಕ್ಕದ ಸಕ್ಕರೆ, ಎಲ್ಲ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಂಚದ ಅಡಿಗೆ ತಳ್ಳಿದರೆ ಕ್ರಿಸ್ಮಸ್ಸಿಗೆ ತೆಗೆಯುವುದು. ಬಾಯಿಗಿಟ್ಟರೆ ದೇವರೇ, ಎಂಥ ಹುಳಿ! ನಮ್ಮ ಮನೆಯವರು, ಬೋಜ, ಒಂದು ಗುಟುಕು ನುಂಗಿ, "ಪಷ್ಟಾಗಿದೆ" ಎಂದು ಮರ್ಯಾದೆಗೆ ಹೇಳಿ, ಮನೆಗೆ ಬಂದು ಹೊಟ್ಟೆ ತಿಕ್ಕಿಕೊಳ್ಳುತ್ತಿದ್ದರು. ಯಾರಾದರೂ ಸ್ವಲ್ಪ ಸಕ್ಕರೆ ಕೇಳಿದರೆ ಜೆರೋಮರಿಗೆ ಕೋಪ ಬರುತ್ತಿತ್ತು. "ಇದು ನನ್ನ ಅಪ್ಪನ ಕ್ರಮ. ಮೇಲಿಂದ ಸಕ್ಕರೆ ಸುರಿದ್ರೆ ಅದು ವೈನ್ ಅಲ್ಲ, ಕೆಮ್ಮಿನ ಮದ್ದು" ಎನ್ನುತ್ತಿದ್ದರು.

ಅಂಥ ವೈನನ್ನು ಈ ರೋಸ್ಮೇರಿ ಒಂದು ಹನಿ ಬಿಡದೆ ಕುಡಿಯುತ್ತಿದ್ದಳು. ನನಗೆ ಆಶ್ಚರ್ಯ. ಎಲ್ಲರಿಗೂ ತಟ್ಟೆಯಲ್ಲಿ ಗ್ಲಾಸು ಬಂದರೆ ಅವಳದ್ದನ್ನು ಮಾತ್ರ ಜೆರೋಮ್ ತಾವೇ ಅಡುಗೆಕೋಣೆಯಿಂದ ತಂದು ಕೈಗೆ ಕೊಡುವುದು. ಕೊಟ್ಟು ಹಿಂದೆ ಹೋಗಿ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನೋಡುವುದು. ಕುಡಿದು ಮುಗಿಸಿದ ಮೇಲೆ ಅವಳು ಆ ಕಡೆ ತಿರುಗಿ ಖಾಲಿ ಗ್ಲಾಸು ಎತ್ತಿ ತೋರಿಸಬೇಕು. "ಹೇಗುಂಟು?" ಎಂದು ಇವರು. "ಅಡ್ಡಿಯಿಲ್ಲ" ಎಂದು ಅವಳು. ವರ್ಷವೂ ಇದೇ ನಾಟಕ. ಮಗಳು ಸೋನಿಯಾ ಚಿಕ್ಕವಳಿದ್ದಾಗ ಇಬ್ಬರ ಧ್ವನಿಯನ್ನೂ ಮಾಡಿ ತೋರಿಸಿ ನಮ್ಮನ್ನು ನಗಿಸುತ್ತಿದ್ದಳು.

ಒಂದು ಕ್ರಿಸ್ಮಸ್ಸಿಗೆ ನಾನು ನೀರು ಕುಡಿಯಲೆಂದು ಅಡುಗೆಕೋಣೆಗೆ ಹೋದರೆ ಈ ಮನುಷ್ಯ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಗ್ಲಾಸಿಗೆ ಎರಡು ಚಮಚ ದಪ್ಪ ಸಕ್ಕರೆ ಪಾಕ, ಅದರ ಮೇಲೆ ಮೆಲ್ಲನೆ ವೈನು. ನನ್ನನ್ನು ಕಂಡದ್ದೇ ಮುಖ ಬಿಳುಚಿಕೊಂಡಿತು.

"ದಮಯಂತಿ, ನಿಮ್ಮ ದಮ್ಮಯ್ಯ, ಅವಳಿಗೆ ಹೇಳ್ಬೇಡಿ. ನನ್ನ ವೈನ್ ಅವಳಿಗೆ ಇಷ್ಟ ಅಂತ ಊರಿಗೆಲ್ಲ ಹೇಳಿ ಆಗಿದೆ."

ನಾನು ಹೇಳಲಿಲ್ಲ. ನನ್ನ ಬಾಯಿಯಲ್ಲಿ ನಿಂತ ಗುಟ್ಟು ಅದೊಂದೇ ಇರಬೇಕು.

ಹೋದ ಈಸ್ಟರ್ ಕಳೆದ ಮೇಲೆ ಒಂದು ಬೆಳಿಗ್ಗೆ ಜೆರೋಮ್ ಎದೆ ಹಿಡಿದುಕೊಂಡು ಮೆಟ್ಟಿಲಲ್ಲಿ ಕೂತರು. ಮಂಗಳೂರಿನ ಆಸ್ಪತ್ರೆಗೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ರೋಸ್ಮೇರಿ ಅಳಲಿಲ್ಲ. ಹೆಣದ ಹತ್ತಿರ ಕೂತವಳು ಬಂದವರಿಗೆಲ್ಲ ಕುರ್ಚಿ ಉಂಟಾ, ಚಹಾ ಸಿಕ್ಕಿತಾ ಎಂದು ವಿಚಾರಿಸಿದಳು. ಇಗರ್ಜಿಯಲ್ಲೂ ಅಳಲಿಲ್ಲ, ಮಣ್ಣು ಹಾಕುವಾಗಲೂ ಇಲ್ಲ. "ಎಂಥ ಗಟ್ಟಿ ಹೆಂಗಸಪ್ಪ" ಎಂದು ಹಿಂದಿನಿಂದ ಯಾರೋ ಹೇಳಿದ್ದಕ್ಕೆ, "ನಿಮಗೆ ತೋರಿಸ್ಲಿಕ್ಕೆ ಅಳ್ಬೇಕಾ?" ಎಂದು ನಾನು ಕೇಳಿಯೇಬಿಟ್ಟೆ. ಆದರೆ ಒಳಗಿಂದ ನನಗೂ ಹೆದರಿಕೆ.

ಅಂಗಡಿಗೆ ಬಂದಳು, ಮೆಷಿನು ತುಳಿದಳು. ಹೊಲಿಗೆಯಲ್ಲಿ ಒಂದು ಗೆರೆ ಓರೆ ಇಲ್ಲ. ಕೇಳಿದ್ದಕ್ಕೆ ಉತ್ತರ ಉಂಟು, ಕೇಳದಿದ್ದರೆ ಮಾತಿಲ್ಲ. ಒಮ್ಮೆ ನಾನು ಮರೆತು ಅವಳ ಮುಂದೆ ಸಕ್ಕರೆ ಹಾಕದ ಚಹಾ ಇಟ್ಟೆ. ಸುಮ್ಮನೆ ಕುಡಿದು ಲೋಟ ತೊಳೆದಿಟ್ಟಳು. ಮರುದಿನ ಬಾವಾಕನಿಗೆ ಹೇಳಿ, ಪಾಕವೇ ಇಲ್ಲದ ಬರೀ ಲಿಂಬೆ ನೀರು ತರಿಸಿ ಕೊಟ್ಟೆ. ಅದನ್ನೂ ಕುಡಿದಳು. ಕಣ್ಣು ಕೂಡ ಕಿರಿದಾಗಲಿಲ್ಲ.

"ಹೇಗುಂಟು?" ಎಂದೆ.

"ಚಂದ ಉಂಟು" ಎಂದಳು.

ರಸ್ತೆಯ ಆಚೆಯಿಂದ ನೋಡುತ್ತಿದ್ದ ಬಾವಾಕ ತಲೆಯ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು. ಆ ದಿನ ಅವರು ನಗಾಡಲಿಲ್ಲ.

"ನಿನಗೆ ಎಂತ ಆಗಿದೆ ಮಾರಾಯ್ತಿ?" ಎಂದು ನಾನು ಗದರಿಸಿಯೇ ಕೇಳಿದೆ.

"ಎಂತದೂ ಆಗ್ತಾ ಇಲ್ಲ ದಮಯಂತಿ. ದುಃಖ ಕೂಡ ಇಲ್ಲ. ಬಾಯಿಗೆ ಎಂತ ಹಾಕಿದ್ರೂ ಒಂದೇ. ಇದು ಸರಿ ಅಲ್ಲ ಅಂತ ಗೊತ್ತುಂಟು, ಹೆದರಿಕೆ ಆಗ್ಬೇಕು. ಅದೂ ಆಗೂದಿಲ್ಲ" ಎಂದಳು. ಬ್ಲೌಸಿನ ಅಳತೆ ಹೇಳುವ ಧ್ವನಿಯಲ್ಲೇ ಹೇಳಿದಳು. ಹೇಳಿ ಸೂಜಿಗೆ ನೂಲು ಪೋಣಿಸಿದಳು.

ಸೋನಿಯಾಳ ಮದುವೆ ಮೊದಲೇ ನಿಶ್ಚಯವಾಗಿತ್ತು, ಜನವರಿಗೆ. ಹುಡುಗ ಶಾನ್ ಹಡಗಿನ ಬಾರಿನಲ್ಲಿ ದುಡಿದು ಬಂದವನು, ಈಗ ಮಂಗಳೂರಿನ ಹೋಟೆಲಿನಲ್ಲಿದ್ದಾನೆ. ಮದುಮಕ್ಕಳಿಗೆ ಶುಭ ಹಾರೈಸಿ ಎಲ್ಲರೂ ಗ್ಲಾಸು ಎತ್ತುವ ಟೋಸ್ಟಿಗೆ ತಮ್ಮದೇ ವೈನೆಂದು ಜೆರೋಮ್ ಅವನಿಗೆ ಆಣೆ ಹಾಕಿ ಹೇಳಿದ್ದರಂತೆ. ಈ ವರ್ಷ ಭರಣಿ ಖಾಲಿ. ಅತ್ತೆಯಾಗುವವಳು ಸಿಹಿ ಇಷ್ಟಪಡುವವಳು, ಅವಳು ಮೆಚ್ಚುವ ವೈನೇ ಟೋಸ್ಟಿಗೆ ಬೇಕೆಂದು ಶಾನ್ ಒಂದು ಆದಿತ್ಯವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ನಾಲ್ಕು ಬಾಟಲಿ ಹಿಡಿದುಕೊಂಡು ಬಂದ. ನನ್ನನ್ನೂ ಕರೆದಿದ್ದರು.

"ಆಂಟಿ, ಮೊದಲನೆಯದು ನಿಮಗೆ ಆಗ್ಲಿಕ್ಕಿಲ್ಲ. ಇದರಲ್ಲಿ ಸಿಹಿಯೇ ಇಲ್ಲ. ಇಲ್ಲಿಂದ ಸುರು ಮಾಡಿ ಒಂದೊಂದೇ ಮೆಟ್ಟಿಲು ಸಿಹಿಯ ಕಡೆ ಹೋಗುವ. ಎಲ್ಲಿ ಬಾಯಿಗೆ ಹಿತ ಆಗ್ತದೆ, ಅಲ್ಲಿ ನಿಲ್ಲುವ. ಎಲ್ಲರೂ ಹೊಗಳ್ತಾರೆ ಅಂತ ಹುಳಿಯದ್ದನ್ನು ಕುಡೀಬೇಕು ಅಂತ ಇಲ್ಲ" ಎಂದ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ.

ಮೊದಲನೆಯದನ್ನು ನಾನೂ ಒಂದು ಗುಟುಕು ಕುಡಿದೆ. ಹಸಿ ಗೇರುಹಣ್ಣು ಕಚ್ಚಿದ ಹಾಗೆ ನಾಲಗೆಯೆಲ್ಲ ಒಗರು, ಗಂಟಲೆಲ್ಲ ಹುಳಿ. ರೋಸ್ಮೇರಿ ನೀರು ಕುಡಿದ ಹಾಗೆ ಕುಡಿದಳು.

"ಇದು ಆಗ್ಬಹುದು" ಎಂದಳು.

ಶಾನ್‌ಗೆ ಸಂತೋಷವೂ ಆಯಿತು, ಗಲಿಬಿಲಿಯೂ ಆಯಿತು. ಎರಡನೆಯದು ತಣ್ಣಗೆ ಮಾಡಿದ ಬಿಳಿ ವೈನು, ಸ್ವಲ್ಪ ಸಿಹಿ ಉಂಟು. ಮೂರನೆಯದು ಗೋವೆಯ ಪೋರ್ಟ್ ವೈನು, ಇನ್ನೂ ಸಿಹಿ. ನಾಲ್ಕನೆಯದು ಬಳ್ಳಿಯಲ್ಲೇ ಒಣಗಲು ಬಿಟ್ಟ ದ್ರಾಕ್ಷಿಯದ್ದಂತೆ, ಜೇನೇ ಸರಿ. ಒಂದೊಂದಕ್ಕೂ ರೋಸ್ಮೇರಿಯದ್ದು ಅದೇ ಮುಖ, ಅದೇ ಮಾತು.

"ಯಾವುದು ಜಾಸ್ತಿ ಇಷ್ಟ ಆಯ್ತು ಆಂಟಿ?"

"ನಿನಗೆ ಯಾವುದು ತರ್ಲಿಕ್ಕೆ ಸುಲಭ, ಅದೇ ಇರ್ಲಿ ಮಗಾ."

ಸೋನಿಯಾ ಎದ್ದು ಒಳಗೆ ಹೋದಳು. ಮರುದಿನ ತಾಯಿ ಇಲ್ಲದ ಹೊತ್ತು ನೋಡಿ ಅಂಗಡಿಗೆ ಬಂದು, ಬಟ್ಟೆಯ ರಾಶಿಯ ಮೇಲೆ ಕೂತು ಅತ್ತಳು.

"ಡ್ಯಾಡಿ ಇಲ್ಲ ಆಂಟಿ. ಅದು ಗೊತ್ತುಂಟು ನಂಗೆ. ಮಮ್ಮಿ ಇದ್ದೂ ಇಲ್ಲ. ನಾನು ಯಾರ ಎದುರು ಮದುವೆ ಆಗುದು?"

ನನಗೆ ತಡೆಯಲಿಲ್ಲ. ಪೊರ್ಬುಗಳು ಹೋದರು, ಇನ್ನು ಯಾವ ಗುಟ್ಟು! ಆ ಸಂಜೆಯೇ ಬಾವಾಕನ ಹತ್ತಿರ ಒಂದು ಚಿಕ್ಕ ಕುಪ್ಪಿ ಗಟ್ಟಿ ಸಕ್ಕರೆ ಪಾಕ ಕೇಳಿದೆ, ಏನೂ ಬೆರೆಸದ್ದು. ಏತಕ್ಕೆಂದು ಹೇಳಲು ಬಾಯಿ ತೆಗೆದರೆ, ನಮಾಜು ತಪ್ಪಿಸದ ಆ ಮನುಷ್ಯ ಕೈ ಅಡ್ಡ ಹಿಡಿದರು. "ಪಾಕ ನಾನು ಕೊಡ್ತೇನೆ. ಯಾವುದಕ್ಕೆ ಹಾಕ್ತೀರಿ ಅಂತ ನನಗೆ ಹೇಳ್ಬೇಡಿ. ಬಾಯಮ್ಮನಿಗೆ ಗುಣ ಆಗ್ಲಿ, ಅಷ್ಟೇ" ಎಂದರು.

ರೋಸ್ಮೇರಿಯ ಮನೆಯಲ್ಲಿ ಆ ಮೊದಲನೆಯ ಬಾಟಲಿ ಉಳಿದಿತ್ತು. ಗ್ಲಾಸಿಗೆ ಎರಡು ಚಮಚ ಪಾಕ ಹಾಕಿ, ವೈನು ಹೊಯ್ದು, ಚಮಚದಿಂದ ಟಿಣ್‌ಟಿಣ್ ಎಂದು ಚೆನ್ನಾಗಿ ಕದಡಿ ಅವಳ ಕೈಗೆ ಕೊಟ್ಟೆ. ಅವಳು ಕುಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ನೀನು ಕದಡಿದ್ದಿ" ಎಂದಳು.

"ಎಂತ?"

"ಅವರು ಕದಡ್ತಿರ್ಲಿಲ್ಲ. ಚಮಚದ ಶಬ್ದ ನಂಗೆ ಕೇಳ್ತದೆ ಅಂತ ಹೆದರಿಕೆ. ಪಾಕ ಎಲ್ಲ ಅಡಿಯಲ್ಲಿ ನಿಲ್ತಿತ್ತು. ಮೇಲಿಂದು ಬರೀ ಹುಳಿ, ಕಡೆಯ ಗುಟುಕು ಮಾತ್ರ ಸಿಹಿ."

ನಾನು ಕುಕ್ಕರಿಸಿದೆ. "ಹಾಗಾದ್ರೆ ನಿನಗೆ ಗೊತ್ತಿತ್ತಾ?"

"ಗ್ಲಾಸು ತೊಳೀತಿದ್ದದ್ದು ನಾನಲ್ವಾ" ಎಂದಳು. "ಮೊದಲನೇ ವರ್ಷವೇ ಗೊತ್ತಾಯ್ತು. ಹೇಳಿದ್ರೆ ಪಾಪ, ಮುಖ ಎಲ್ಲಿಡೂದು ಅವರು?"

ಇದನ್ನೂ ಅದೇ ಸಪಾಟು ಧ್ವನಿಯಲ್ಲಿ ಹೇಳಿದಳು. ಆಮೇಲೆ ಎದ್ದು ಗ್ಲಾಸು ತೊಳೆದು ಕವುಚಿ ಇಟ್ಟಳು. ನಾನು ಕದಡಿ ಕೊಟ್ಟದ್ದು ಅವಳಿಗೆ ಉಳಿದ ಬಾಟಲಿಗಳ ಹಾಗೇ ಆಗಿತ್ತು. ಮನೆಗೆ ಬಂದು ನಾನೇ ಅತ್ತೆ. ಬೋಜ ಯಾಕೆಂದು ಕೇಳಿದ್ದಕ್ಕೆ ಅವರಿಗೂ ಬೈದೆ.

ಮದುವೆಗೆ ಟೋಸ್ಟಿನ ವೈನು ಶಾನ್‌ನದ್ದೇ ಆಯ್ಕೆ, ಆ ಜೇನಿನಂಥದ್ದು. ನಾನು ಅವನನ್ನು ಬದಿಗೆ ಕರೆದು, ಹುಳಿಯದ್ದು ಒಂದು ಬಾಟಲಿ ನನಗೆ ಬೇಕೆಂದೆ. ಪಾಕದ ಕುಪ್ಪಿ ಕಂಡು ಅವನಿಗೆ ಜೀವವೇ ಹೋಯಿತು.

"ಆಂಟಿ, ಅಷ್ಟು ಒಳ್ಳೆ ವೈನಿಗೆ ಸಕ್ಕರೆಯಾ?"

"ನೀನು ಮದುಮಗ, ನೆಟ್ಟಗೆ ನಿಂತ್ಕೋ. ಇದು ನಿನ್ನ ಮಾವನ ಕೆಲಸ" ಎಂದೆ.

ಮದುವೆ ಹಾಲ್‌ನ ಅಡುಗೆಕೋಣೆಯಲ್ಲಿ, ಬಿರಿಯಾನಿಯ ಪಾತ್ರೆಗಳ ನಡುವೆ, ಗೋಡೆಗೆ ಮುಖ ಮಾಡಿ ನಿಂತು ಪಾಕ ಹಾಕಿದೆ. ಅದರ ಮೇಲೆ ಮೆಲ್ಲನೆ ವೈನು ಹೊಯ್ದೆ. ಚಮಚ ಮುಟ್ಟಿಸಲಿಲ್ಲ. ಗ್ಲಾಸು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು, ಅಡ್ಡ ಬಂದವರಿಗೆಲ್ಲ ಕಣ್ಣು ಬಿಡುತ್ತಾ, ಮುಂದಿನ ಸಾಲಿಗೆ ತಂದು ರೋಸ್ಮೇರಿಯ ಕೈಗೆ ಕೊಟ್ಟೆ. ಅವಳು ನನ್ನನ್ನು ನೋಡಲಿಲ್ಲ.

ಟೋಸ್ಟ್ ಹೇಳಿದವರು ಜೆರೋಮರ ಹೆಸರೆತ್ತಿದರು. ಎಲ್ಲರೂ ಇವಳ ಕಡೆ ನೋಡಿದರು. ಇವಳು ಸ್ಟೇಷನ್ನಿನಲ್ಲಿ ಬೇರೆ ಯಾವುದೋ ರೈಲಿನ ಸುದ್ದಿ ಕೇಳುವವಳ ಹಾಗೆ ನಿಂತಿದ್ದಳು. ಬ್ಯಾಂಡು ಬಾರಿಸಿತು, ಎಲ್ಲರೂ ಗ್ಲಾಸು ಎತ್ತಿದರು, ರೋಸ್ಮೇರಿಯೂ ಎತ್ತಿದಳು. ಒಂದು ಗುಟುಕು, ಎರಡು ಗುಟುಕು, ಅದೇ ಮುಖ. ಆಯಿತು, ಇದೂ ಹೋಯಿತು ಎಂದುಕೊಂಡೆ.

ಮೂರನೆಯದಕ್ಕೆ ಅವಳ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು, ಬಾಯಿ ಸೊಟ್ಟಗಾಯಿತು.

"ಶ್ಶೀ, ಎಂಥ ಹುಳಿ ಮಾರಾಯ್ತಿ ಇದು!"

ಅಷ್ಟು ಜನರ ನಡುವೆ, ಗಟ್ಟಿಯಾಗಿಯೇ. ನನಗೆ ಕುಣಿಯಬೇಕೆನಿಸಿತು. ಅವಳು ಕುಡಿಯುವುದನ್ನು ಬಿಡಲಿಲ್ಲ. ಮುಖ ಕಿವುಚಿಕೊಂಡೇ ಗುಟುಕು ಗುಟುಕಾಗಿ ಇಳಿಸಿದಳು. ಕೊನೆಗೆ ಗ್ಲಾಸನ್ನು ಪೂರ್ತಿ ಬಗ್ಗಿಸಿ, ಪಾಕ ಜಾರಿ ಬರಲೆಂದು ಅಡಿಯನ್ನು ಬೆರಳಿಂದ ತಟ್ಟಿದಳು. ಅದು ನಾಲಗೆಗೆ ಮುಟ್ಟಿದ್ದೇ ತಿರುಗಿ ಅಡುಗೆಕೋಣೆಯ ಬಾಗಿಲ ಕಡೆಗೆ ಖಾಲಿ ಗ್ಲಾಸು ಎತ್ತಿ ತೋರಿಸಿದಳು.

ಬಾಗಿಲಲ್ಲಿ ಕ್ಯಾಟರಿಂಗಿನವನೊಬ್ಬ ನಿಂತಿದ್ದ. ಇನ್ನೂ ಬೇಕೇನೋ ಎಂದು ಜಗ್ ಹಿಡಿದುಕೊಂಡು ಓಡಿಬಂದ. ರೋಸ್ಮೇರಿ ಅವನನ್ನು ನೋಡಿದಳು. ಅವನ ಹಿಂದಿನ ಬಾಗಿಲನ್ನು ನೋಡಿದಳು. ಎತ್ತಿದ ಕೈ ಹಾಗೆಯೇ ಇತ್ತು.

"ದಮಯಂತಿ" ಎಂದಳು, "ಅವರಿಲ್ಲ."

ಆಮೇಲೆ ಅಳು ಬಂತು. ಈಸ್ಟರಿನಿಂದ ತಡೆದು ನಿಂತದ್ದೆಲ್ಲ ಒಟ್ಟಿಗೇ ಬಂತು. ಕುರ್ಚಿ ಹಿಡಿದುಕೊಂಡು, ಬಾಯಿ ಬಿಟ್ಟು, ಮಕ್ಕಳ ಹಾಗೆ ಅತ್ತಳು. ಬ್ಯಾಂಡು ನಿಂತಿತು. ಮದುವೆ ಮನೆಯಲ್ಲಿ ಅಳಬಾರದೆಂದು ಹೇಳಲು ಬಂದವರನ್ನು, "ಬಿಡಿ ಅವಳನ್ನು, ಅಳ್ಲಿ!" ಎಂದು ನಾನು ಅಟ್ಟಿದೆ. ನನ್ನ ಕಣ್ಣಲ್ಲೂ ಧಾರಾಕಾರ.

ವೇದಿಕೆಯಿಂದ ಸೋನಿಯಾ ಬಿಳಿ ಗೌನನ್ನು ಎತ್ತಿ ಹಿಡಿದುಕೊಂಡು ಓಡಿಬಂದಳು. ತಾಯಿಯ ಕೈಯಲ್ಲಿದ್ದ ಖಾಲಿ ಗ್ಲಾಸನ್ನು ನೋಡಿದಳು. ಅಳಬೇಡ ಎನ್ನಲಿಲ್ಲ. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು.

"ಹೇಗುಂಟು ಮಮ್ಮಿ?"

ರೋಸ್ಮೇರಿ ಮಗಳನ್ನು ನೋಡಿದಳು. ಅಳುತ್ತಲೇ ಹೇಳಿದಳು.

"ಅಡ್ಡಿಯಿಲ್ಲ."