ಎಲುಬಿನ ಅಂಟು, ಹುಲ್ಲಿನ ಟೋಪಿ

ನನ್ನ ಓರಗಿತ್ತಿಗೂ ನನಗೂ ಮೊದಲಿನಿಂದಲೂ ಎಣ್ಣೆ-ಸೀಗೆಕಾಯಿ. ಮಲಾಡಿನಲ್ಲಿ ನಮ್ಮದು ಕೂಡು ಸಂಸಾರ. ಗಂಡ, ಭಾವ ಇಬ್ಬರೂ ಫೋರ್ಟಿನಲ್ಲಿ ಉಡುಪಿ ಹೋಟೆಲು ನಡೆಸುತ್ತಾರೆ. ಅಡಿಗೆಮನೆ ಅವಳ ರಾಜ್ಯ. ನಾನು ಬಾಲ್ಕನಿಯಲ್ಲಿ ಕೂತು ಹಳೆಯ ಕಾಲದ ಹುಲ್ಲಿನ ಟೋಪಿಗಳನ್ನು ಹಳೆಯ ಕ್ರಮದಲ್ಲೇ ಮತ್ತೆ ಹೊಲಿಯುವವಳು. "ಊರಿಗೆಲ್ಲ ಟೋಪಿ ಹಾಕುವ ಕಸುಬು" ಎಂದು ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು. ಅವರು ನಗುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು.

ಕಳೆದ ವರ್ಷ ಸಿನಿಮಾದ ವಸ್ತ್ರವಿನ್ಯಾಸಕಿಯೊಬ್ಬಳು ಬ್ರಿಟಿಷರ ಕಾಲದ ಟೋಪಿಯ ಫೋಟೋ ಕೊಟ್ಟು ಮಾದರಿ ಕೇಳಿದಳು. ಒಪ್ಪಿಗೆಯಾದರೆ ಇಡೀ ಚಿತ್ರದ ಟೋಪಿಗಳು ನನ್ನವೇ. ಇಷ್ಟು ವರ್ಷ ಕಾದದ್ದೇ ಇಂಥದೊಂದಕ್ಕೆ. ಗೋಧಿ ಹುಲ್ಲು ಹೆಣೆದ ಜಡೆಯನ್ನು ನೆನೆಸಿ, ಟೋಪಿಯ ನೆತ್ತಿಯ ನಡುವಿನಿಂದ ಶುರುಮಾಡಿ, ಪ್ರತಿ ಸುತ್ತೂ ಹಿಂದಿನದರ ಅಂಚಿನ ಮೇಲೆ ಕೂರುವಂತೆ ಕೈಯಲ್ಲೇ ಹೊಲಿದೆ. ಮರದ ಅಚ್ಚಿಗೆ ಎಳೆದು ಕೂರಿಸಿ ಆವಿ ಕೊಟ್ಟೆ. ಗಟ್ಟಿಯಾಗಿ ನಿಲ್ಲಲು ಎಲುಬಿನಿಂದ ತೆಗೆದ ಅಂಟು ಸವರಿದೆ. ಹಿಂದಿನವರು ಸವರುತ್ತಿದ್ದದ್ದು ಅದನ್ನೇ, ಬೇರೆಯದನ್ನು ನಾನು ಒಪ್ಪುವುದಿಲ್ಲ. ಅಂಟಿಗೆ ಬೇರೆ ಸ್ಟವ್, ಬೇರೆ ಪಾತ್ರೆ, ಎಲ್ಲ ಬಾಲ್ಕನಿಯಲ್ಲೇ ಇತ್ತು.

ಟೋಪಿ ಒಣಗಲಿಟ್ಟು ರಿಬ್ಬನ್ ತರಲು ದಾದರಿಗೆ ಹೋದೆ. ಬರುವಷ್ಟರಲ್ಲಿ ಹಗ್ಗದ ಮೇಲೆ ಸೀರೆಗಳ ನಡುವೆ ನನ್ನ ಟೋಪಿ ಕ್ಲಿಪ್ಪಿನಲ್ಲಿ ನೇತಾಡುತ್ತಿತ್ತು. ಅಂಚು ನೆನೆದ ಹಪ್ಪಳದ ಹಾಗೆ ಇಳಿಬಿದ್ದಿತ್ತು. ಅಂಟಿನ ಪಾತ್ರೆಯೂ ಇಲ್ಲ, ಸ್ಟವ್ವೂ ಇಲ್ಲ.

"ನಾನೇ ತೊಳೆದೆ" ಎಂದಳು ಓರಗಿತ್ತಿ. "ನಾಳೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಉಂಟಲ್ಲ, ಎಲುಬಿನದ್ದೆಲ್ಲ ಇರ್ಬಾರ್ದು. ಗಂಜಿ ಹಾಕಿದ್ದೇನೆ, ಸೀರೆಗಿಂತ ಖಡಕ್ ನಿಲ್ತದೆ ನೋಡು. ಆ ಪಾತ್ರೆ, ಸ್ಟವ್ ಕಸ ಒಯ್ಯುವ ಕಚರೇವಾಲನಿಗೆ ಕೊಟ್ಟೆ."

"ಅಕ್ಕ, ನಾಳೆ ಬೆಳಿಗ್ಗೆ ಅದನ್ನು ಕೊಡ್ಲಿಕ್ಕುಂಟು!"

"ಕೊಡು ಮಾರಾಯ್ತಿ, ಯಾರು ಬೇಡ ಹೇಳಿದ್ದು?"

ಗಂಡನಿಗೆ ಫೋನ್ ಮಾಡಿದೆ. "ಅತ್ತಿಗೆ ಒಳ್ಳೇದಕ್ಕೇ ಮಾಡಿದ್ದಲ್ವಾ, ನೀನೇ ಸ್ವಲ್ಪ ಎಡ್ಜಸ್ಟ್ ಮಾಡು" ಎಂದ. ಅವಳಿಗಿಂತ ಅವನ ಮೇಲೇ ಹೆಚ್ಚು ಹೇಸಿಗೆಯಾಯಿತು.

ಟೋಪಿಯನ್ನು ಮತ್ತೆ ನೆನೆಸಿ, ಗಂಜಿ ಬಿಡಿಸಿ, ಅಚ್ಚಿಗೇರಿಸಿದೆ. ಅಂಟಿನ ಪುಡಿ ನನ್ನ ಕಪಾಟಿನಲ್ಲಿ ಇನ್ನೂ ಉಳಿದಿತ್ತು. ಸೀದಾ ಅಡಿಗೆಮನೆಗೆ ಹೋಗಿ, ಅವಳ ಹಾಲಿನ ಪಾತ್ರೆ ತೆಗೆದು, ಅವಳ ಗ್ಯಾಸಿನ ಮೇಲೆ, ಅವಳ ಕಣ್ಣೆದುರಿಗೇ ಅಂಟು ಕಾಯಿಸಿದೆ. ಅವಳು ಬೊಬ್ಬೆ ಹೊಡೆದದ್ದಕ್ಕೆ ಪಕ್ಕದ ಬಿಲ್ಡಿಂಗಿನವರೂ ಕಿಟಕಿಗೆ ಬಂದರು. ನಾನು ಸೌಟು ತಿರುಗಿಸುತ್ತಲೇ ಇದ್ದೆ. ನಿಜ ಹೇಳುತ್ತೇನೆ, ಅಷ್ಟು ಖುಷಿ ನನಗೆ ಈ ಮನೆಯಲ್ಲಿ ಎಂದೂ ಆಗಿರಲಿಲ್ಲ.

ಟೋಪಿ ಒಪ್ಪಿಗೆಯಾಯಿತು, ಇಡೀ ಚಿತ್ರದ ಕೆಲಸ ನನಗೇ ಬಂತು. ಮನೆಯವರು ಅಡಿಗೆಮನೆಯ ಗ್ಯಾಸ್ ಸ್ಟವ್ ಬದಲಿಸಿ, ಪೂಜೆಯನ್ನು ಮುಂದಕ್ಕೆ ಹಾಕಿದರು. ಈಗ ನಾನು ಮುಟ್ಟಿದ್ದನ್ನು ಮನೆಯಲ್ಲಿ ಯಾರೂ ಬಾಯಿಗಿಡುವುದಿಲ್ಲ. ಬಾಯಾರಿದರೆ ನನ್ನ ಗಂಡ, ನಾನು ಎದುರಿಗೇ ಕೂತಿದ್ದರೂ, ಅತ್ತಿಗೆಯನ್ನು ಕೂಗಿ ನೀರು ಕೇಳುತ್ತಾನೆ.