ಅತ್ತೆಯ ಹೆಬ್ಬೆರಳು

ನನ್ನ ಅತ್ತೆ ನೆಲವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಬಲಗಾಲಿನ ಹೆಬ್ಬೆರಳಿನಿಂದ ನೋಡುತ್ತಿದ್ದರು. ಟೈಲ್ಸ್ ಮೇಲೆ ಬೆರಳನ್ನೊಮ್ಮೆ ಎಳೆದು, ಗೋಡೆ ಹಿಡಿದುಕೊಂಡು ಕಾಲೆತ್ತಿ, ಅದರ ತುದಿ ಪರೀಕ್ಷಿಸುವರು. ಧೂಳು ಕಂಡಿತೋ, ಕಾಲನ್ನು ನನ್ನ ಕಡೆ ತಿರುಗಿಸಿ ಹಾಗೇ ನಿಲ್ಲುವರು. ಎಪ್ಪತ್ತು ದಾಟಿದ ಹೆಂಗಸು ಒಂಟಿ ಕಾಲಲ್ಲಿ! ನಗು ಬರುತ್ತಿತ್ತು. ನಕ್ಕರೆ ಕೆಟ್ಟೆ.

ಶಿಕಾರಿಪುರದಿಂದ ಸೊರಬಕ್ಕೆ ಸೊಸೆಯಾಗಿ ಬಂದ ಮೊದಲ ವಾರವೇ, "ನಿಮ್ಮ ಕಡೆಯೋರಿಗೆ ಧೂಳೇ ಪೌಡ್ರು ಕಣೇ" ಎಂದಿದ್ದರು. ಅವರ ಕಾನೂನು ಅವರಿಗೇ ಗೊತ್ತು. ಸೆಗಣಿ ಶುದ್ಧ, ಬಸ್ಸಿನ ಸೀಟು ಹೊಲಸು. ಹಣೆಗೆ ಬೂದಿ ಬೇಕು, ಒಲೆಯ ಬೂದಿ ಸೀರೆಗೆ ತಾಗಿದರೆ ಸ್ನಾನ. ಗದ್ದೆಯ ಕೆಸರು ಲಕ್ಷ್ಮಿ. ಅದೇ ಗದ್ದೆಯಲ್ಲಿ ನಾಟಿ ಮಾಡಿ ಬಂದವರ ಕಾಲಿನ ಕೆಸರು ಮಾತ್ರ ಅಸಹ್ಯ. ಆಗದವರ ಬಾಯಿಗೆ ಮಣ್ಣು ಬೀಳಲಿ ಎಂದು ಬೆಳಗಾಗೆದ್ದು ಶಪಿಸಿ, ಗಣಪತಿಗೆ ಒಳ್ಳೆಯ ಕೆರೆಮಣ್ಣು ತರಿಸುವರು. ಅವರ ಮಂಚದ ಕೆಳಗೆ ಇಲಿ ಹಿಕ್ಕೆ ರಾಶಿ ಬಿದ್ದಿತ್ತು. ಅಲ್ಲಿಗೆ ಹೆಬ್ಬೆರಳು ಮುಟ್ಟುತ್ತಿರಲಿಲ್ಲವಲ್ಲ! ಹೊರಗೆಲ್ಲ ಥಳುಕು, ಒಳಗೆಲ್ಲ ಹುಳುಕು.

ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಬಸಿರಾದ ಭೂಮಿತಾಯಿಗೆ ಅದರಲ್ಲಿ ಊಟ ಒಯ್ಯುತ್ತಾರೆ. ಕೆಮ್ಮಣ್ಣು ತಂದು ಬಳಿದುಕೊಡುತ್ತಿದ್ದದ್ದು ಪಕ್ಕದ ಊರಿನ ಒಬ್ಬ ಹೆಂಗಸು. ಇಡೀ ವರ್ಷದಲ್ಲಿ ನನ್ನ ಜೊತೆ ನಕ್ಕು ಮಾತಾಡುತ್ತಿದ್ದವಳು ಅವಳೊಬ್ಬಳೇ. ಅತ್ತೆ ಅವಳ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುವಾಗಲೆಲ್ಲ, ನಾನು ಇವರಂಥವಳಲ್ಲ ಅಂತ ಅವಳಿಗೆ ತಿಳಿಯಲಿ ಎಂದು ನನ್ನ ಜೀವ ಒದ್ದಾಡುತ್ತಿತ್ತು.

ಒಂದು ವರ್ಷ ಬುಟ್ಟಿ ಒಣಗುವವರೆಗೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಅತ್ತೆ ಬುಟ್ಟಿಗೆ ಕೈಮುಗಿದು ತಿರುಗಿದರು. ಮೆಟ್ಟಿಲ ಮೇಲೆ ಕೆಂಪು ಹೆಜ್ಜೆ. ನನ್ನ ಕೈಗೆ ಬಕೆಟ್ಟು ಕೊಟ್ಟರು.

"ತೊಳಿಯೇ. ನೀರು ಬಿದ್ರೆ ತಾನೇ ಏಳ್ತಾಳೆ."

ತೊಳೆದೆ. ಮನಸ್ಸಿನಲ್ಲಿ ಅತ್ತೆಗೆ ಏನೇನು ಬೈದೆನೋ, ಕೈ ಮಾತ್ರ ತಿಕ್ಕುತ್ತಲೇ ಇತ್ತು. ಅವಳು ಸೆರಗು ಎತ್ತಿಕೊಂಡು ಕೆಳಗಿಳಿದಳು. ಮರುವರ್ಷ ಬರಲಿಲ್ಲ. ಕೆಮ್ಮಣ್ಣಿನ ಬದಲು ಅಂಗಡಿಯಿಂದ ಕೆಂಪು ಪೇಂಟ್ ಬಂತು. ಅದು ಅತ್ತೆಯ ಪ್ರಕಾರ ಬಹಳ ಮಡಿ.

ಹೋದ ವರ್ಷ ಅತ್ತೆ ತೀರಿಕೊಂಡರು. ಗುಂಡಿ ತೋಡಿದವರು ಯಾರ್ಯಾರೆಂದು ನೋಡಿದ್ದರೆ ಎದ್ದು ಕೂರುತ್ತಿದ್ದರೇನೋ. ಆ ಹೆಂಗಸೂ ಮಣ್ಣಿಗೆ ಬಂದಿದ್ದಳು. ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿ ಕೈಮುಗಿದಳು.

ವಾಪಸು ಬಂದವರ ಕಾಲಿಗೆ ನೀರು ಕೊಡುತ್ತಾ ನಾನು ಹಿತ್ತಲ ಮೆಟ್ಟಿಲ ಬಳಿ ನಿಂತಿದ್ದೆ. ಅವಳು ಮೆಟ್ಟಿಲ ಕೆಳಗೇ ಉಳಿದು ಬೊಗಸೆ ಒಡ್ಡಿದಳು. ಇನ್ನು ಯಾರ ಹೆದರಿಕೆ? ಲೋಟ ಹಿಡಿದು ಹತ್ತಿರ ಹೋಗಿ, "ಒಳಗೆ ಬಾ ಅಕ್ಕ, ಕೂತು ಕುಡಿ" ಎಂದೆ.

ಅವಳು ತನ್ನ ಕಾಲು ನೋಡಿಕೊಂಡಳು.

"ಬ್ಯಾಡ ಅಮ್ಮ. ಮೆಟ್ಲು ಮತ್ತೆ ನೀವೇ ತೊಳೀಬೇಕಾಗ್ತದೆ."

ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಇಷ್ಟು ವರ್ಷ ಅತ್ತೆಯ ಹೆಬ್ಬೆರಳನ್ನು ನೋಡಿ ನಗುತ್ತಿದ್ದೆ. ಅವಳು ನೋಡಿದ್ದು ಬಕೆಟ್ಟು ಹಿಡಿದ ಕೈ ಯಾರದೆಂದು.