ತಂತಿಯ ಕೆಳಗಿನ ಕಿಚ್ಚು

ಈ ಸಂಜೆಯನ್ನು ಹಲವು ಸಲ ಬರೆದು ಹರಿದು ಹಾಕಿದ್ದೇನೆ. ಒಂದು ಸಲ ಬರೆದಾಗ ಹಸು ಬಿಳಿ, ಇನ್ನೊಂದು ಸಲ ಕಂದು. ನೆನಪು ತನಗೆ ಬೇಕಾದ ಬಣ್ಣ ಬಳಿದುಕೊಳ್ಳುತ್ತದೆ. ಗಾಳಿ ಇರಲಿಲ್ಲ ಎಂಬುದನ್ನು ಮಾತ್ರ ಯಾವ ಸಲವೂ ಬದಲಾಯಿಸಲು ಆಗಿಲ್ಲ.

ವಿಮಾನ ನಿಲ್ದಾಣದ ರಸ್ತೆ ಅಗಲವಾಗಿ ಕೆಲವು ವರ್ಷ ಕಳೆದಿತ್ತು. ಯಲಹಂಕದಿಂದ ಜಕ್ಕೂರಿನ ಕಡೆ ಹೋಗುವ ಹೈಟೆನ್ಷನ್ ಲೈನಿನ ಕೆಳಗೆ ನಡೆದು, ಬೆಂಕಿ ಎಲ್ಲಿ ಹತ್ತಬಹುದು, ಹತ್ತಿದರೆ ತಂತಿಗೆ ಏನಾಗಬಹುದು ಎಂದು ನೋಡಿ ಬರುವುದು ಆಗ ನನ್ನ ಕೆಲಸ. ಎದೆಮಟ್ಟದ ಒಣಹುಲ್ಲು, ಪಕ್ಕದಲ್ಲಿ ನೀಲಗಿರಿ ತೋಪು, ಅದರ ಬುಡದಲ್ಲಿ ಎಣ್ಣೆ ಕುಡಿದ ತರಗು. ಆದರೆ ನನ್ನನ್ನು ಹೆಚ್ಚು ಹೆದರಿಸಿದ್ದು ನೆಲ. ಒಡೆದ ಮನೆಗಳ ಇಟ್ಟಿಗೆ, ಕಾಂಕ್ರೀಟು ತಂದು ಲಾರಿಗಳು ಅಲ್ಲೇ ಸುರಿಯುತ್ತಿದ್ದವು. ಪ್ರತಿ ಸಲ ಹೋದಾಗಲೂ ನೆಲ ತಂತಿಯ ಕಡೆಗೆ ಇನ್ನಷ್ಟು ಎದ್ದಿರುತ್ತಿತ್ತು.

ಸಂಕ್ರಾಂತಿಯ ಹಿಂದಿನ ದಿನ, ಆ ದಿಬ್ಬದ ಮೇಲೆ ಹುಲ್ಲು ಕೆತ್ತಿ ಚೊಕ್ಕಟ ಮಾಡಿದ್ದು ಕಂಡಿತು. ಹಳೇ ಊರಿನ ಯಜಮಾನರೊಬ್ಬರು, ಅಪಾರ್ಟ್‌ಮೆಂಟುಗಳಿಗೆ ಹಾಲು ಹಾಕುವವರು, ಹೆಂಡತಿಯ ಜೊತೆ ರಾಗಿ ಹುಲ್ಲು ತಂದು ಹಾಕುತ್ತಿದ್ದರು.

"ನಾಳೆ ಅಬ್ಬ ಅಲ್ವಾ ಮೇಡಂ. ಹಸು ಕಿಚ್ಚು ಹಾಯಿಸ್ಬೇಕು," ಎಂದರು.

"ಈ ತಂತಿ ಕೆಳಗಾ? ಬೇರೆ ಜಾಗ ಇಲ್ವಾ?"

ಹೆಂಡತಿ ನಕ್ಕರು. "ಐತಲ್ಲ, ಆ ಅಪಾರ್ಟ್‌ಮೆಂಟ್ನೋರ ಸ್ವಿಮ್ಮಿಂಗ್ ಪೂಲ್ ಪಕ್ಕ. ನೀವೇ ಕೇಳಿ ಕೊಡಿಸ್ಬುಡಿ."

ಯಜಮಾನರು ನಗಲಿಲ್ಲ. "ಓದ್ ವರ್ಸ ಜಾಗ ಇಲ್ಲ ಅಂತ ಹಾಯಿಸ್ಲಿಲ್ಲ. ಕರ ಹೊಟ್ಟೇಲೇ ಸತ್ತೋಯ್ತು. ಈಗ ಮತ್ತೆ ಗಬ್ಬ ಆಗವ್ಳೆ. ಈ ಸಲ ದಾಟ್ಲೇಬೇಕು."

ಬೆಂಕಿ ಗಾಳಿಗೆ ಸಿಕ್ಕರೆ ತೋಪು ಉಳಿಯುವುದಿಲ್ಲ ಎಂದೆ. ಉರಿ ತಂತಿಗೆ ತಾಗಲೇಬೇಕೆಂದಿಲ್ಲ, ದಟ್ಟ ಹೊಗೆ ಎದ್ದರೂ ಸಾಕು, ಅದರೊಳಗಿಂದಲೇ ಕರೆಂಟು ನೆಲಕ್ಕೆ ಹಾರುತ್ತದೆ ಎಂದೂ ಹೇಳಿದೆ.

"ಹೊಗೇನೇ ಏಣಿ ಮಾಡ್ಕೊಂಡ್ ಇಳಿತದಾ?" ಎಂದರು ಹೆಂಡತಿ.

"ಹೆಚ್ಚುಕಡಿಮೆ ಹಂಗೇ ಅಮ್ಮ."

"ಅಯ್ಯೋ, ಚೆನ್ನಾಗ್ ಯೋಳ್ತೀರಿ!"

"ಆಗ್ಲಿ ಬುಡಿ ಮೇಡಂ," ಎಂದರು ಯಜಮಾನರು. "ಉರಿ ಸಣ್ಣಕ್ಕೆ ಮಾಡ್ತೀವಿ."

ಮೇಲಿನವರಿಗೆ ಫೋನ್ ಮಾಡಿ, ಸಂಜೆ ಒಂದಿಷ್ಟು ಹೊತ್ತು ಲೈನ್ ಆಫ್ ಮಾಡಿಸಿ ಎಂದು ಕೇಳಿದೆ. "ಒಂದ್ ಹಸುಗೋಸ್ಕರ ಅರ್ಧ ಊರಿನ ಕರೆಂಟ್ ತೆಗೀಲೇನ್ರೀ? ಹಬ್ಬದ ದಿನ ಬೇರೆ. ನೀವೇ ಹೋಗಿ ನೋಡ್ಕೊಳ್ಳಿ," ಎಂದರು.

ಮರುದಿನ ಸಂಜೆ ಹೋದೆ. ಸುತ್ತಲ ಹುಲ್ಲನ್ನು ಇನ್ನಷ್ಟು ದೂರದವರೆಗೆ ಕೊಯ್ದು, ನೆಲಕ್ಕೆ ನೀರು ಹೊಡೆದಿದ್ದರು. ಉರಿ ಮೇಲೇಳಬಾರದೆಂದು ರಾಗಿ ಹುಲ್ಲಿಗೂ ನೀರು ಚಿಮುಕಿಸಿದ್ದರು. ಅದು ನನಗೆ ಗೊತ್ತಾಗುವಷ್ಟರಲ್ಲಿ ಯಾರೋ ಕಡ್ಡಿ ಗೀರಿಯಾಗಿತ್ತು.

ಅವರು ಬಯಸಿದಂತೆಯೇ ಉರಿ ಏಳಲಿಲ್ಲ. ಹೊಗೆ ಎದ್ದಿತು. ಬೆಳಗಿನಿಂದ ನಾನು ಗಾಳಿ ಬಾರದಿರಲಿ ಎಂದುಕೊಳ್ಳುತ್ತಿದ್ದೆ; ಬರಲಿಲ್ಲ. ಹೊಗೆ ಎಲ್ಲೂ ಬಾಗದೆ ಕಂಬದ ಹಾಗೆ ನೆಟ್ಟಗೆ ತಂತಿಯ ಕಡೆ ಹತ್ತಿತು. ಸದಾ ಗುಂಯ್‌ಗುಡುವ ತಂತಿ ಒಗ್ಗರಣೆಯ ಸಾಸಿವೆಯಂತೆ ಚಟಪಟ ಎನ್ನತೊಡಗಿತು.

ಅರಿಶಿನ ಮೆತ್ತಿದ ಹಸು ಹೊಗೆಯ ಮುಂದೆ ಬಂದು ನಿಂತುಬಿಟ್ಟಿತು. ಕಿವಿ ಮೇಲಕ್ಕಿತ್ತು.

"ಬೇಡ! ಈಚೆ ಬನ್ನಿ!" ಎಂದು ಕೂಗಿದೆ.

"ಒಂದೇ ಹೆಜ್ಜೆ ಮೇಡಂ!" ಎಂದು ಯಜಮಾನರು ಹಗ್ಗ ಜಗ್ಗಿದರು.

"ಬುಟ್ಬುಡು ಅಗ್ಗವ!" ನಿನ್ನೆ ನಕ್ಕಿದ್ದ ಹೆಂಡತಿ ಈಗ ಕಿರುಚುತ್ತಿದ್ದರು. "ಬುಡು ಅಂದ್ನಲ್ಲ!"

ಯಜಮಾನರು ಹಗ್ಗ ಬಿಡಲಿಲ್ಲ. ಅವರೂ ಹಸುವೂ ಹೊಗೆಯೊಳಗೆ ಕಾಣದಾದರು.

ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ಕೆಲವು ಸಲ ಅವರು ಹೊರಬಂದ ಮೇಲೆ, ತಂತಿಯಿಂದ ನೆಲಕ್ಕೆ ಹಾರಿದ ಬೆಳಕು. ಕೆಲವು ಸಲ ಬೆಳಕು ಮೊದಲು. ಇಬ್ಬರೂ ಬದುಕಿ ಉಳಿದರು, ಆದ್ದರಿಂದ ಬೆಳಕು ಆಮೇಲೆಯೇ ಬಂದಿರಬೇಕು. ಇದು ನೆನಪಲ್ಲ, ತರ್ಕ. ಕಣ್ಣಿಗೆ ಕಟ್ಟಿರುವುದು ಮಾತ್ರ, ಆ ಬಿಳಿ ಬೆಳಕಿನ ನಡುವೆ ಹಸುವಿನ ಕೊಂಬು.

ಸದ್ದಿಗೆ ಕಿವಿ ಮುಚ್ಚಿಹೋಯಿತು. ಕಿಚ್ಚಿನ ಹುಲ್ಲು ಚೆದುರಿ ಆಚೆಯ ಒಣಹುಲ್ಲಿಗೆ ಬೆಂಕಿ ಹತ್ತಿತು. ಊರಿನವರು ಹೊಂಗೆಯ ಕೊಂಬೆ ಮುರಿದುಕೊಂಡು ಬಡಿದರು. ಗಾಳಿಯಿಲ್ಲದ್ದರಿಂದ ತೋಪು ಉಳಿಯಿತು. ಇನ್ನೂ ಬಡಿಯುತ್ತಿರುವಾಗಲೇ, ಆ ಬೆಳಕಿನೊಡನೆ ಕರೆಂಟು ಹೋಗಿ ಸುಮ್ಮನಾಗಿದ್ದ ತಂತಿ, ಯಾರೂ ಮುಟ್ಟದೆ, ತಾನಾಗಿಯೇ ತಲೆಯ ಮೇಲೆ ಮತ್ತೆ ಗುಂಯ್‌ಗುಟ್ಟಿತು.

ಯಜಮಾನರು ಕೈಯನ್ನು ಹಸುವಿನ ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದರು.

"ಒದೀತಾ ಐತೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ್ ವರ್ಸ ಎಲ್ಲಿ ಹಾಯಿಸ್ಲಿ? ನೀವೇ ಯೋಳಿ."

ಸುತ್ತ ನೋಡಿದೆ. ಕಾಂಪೌಂಡು, ಗೇಟು, ಕೆರೆಗೆ ಹಾಕಿದ ಬೇಲಿ.

ಆ ಜಾಗದಲ್ಲಿ ಯಾರೂ ಬೆಂಕಿ ಹಾಕದಂತೆ ನೋಡಿಕೊಳ್ಳಬೇಕೆಂದು ಬರೆದುಕೊಟ್ಟೆ. ಒಂದು ಬೋರ್ಡು ಬಂತು. ಮುಂದಿನ ಸಂಕ್ರಾಂತಿಗೆ ಮುಂಚೆ ಹೋದಾಗ ಅದು ಕಾಂಕ್ರೀಟಿನ ರಾಶಿಯಲ್ಲಿ ಕತ್ತಿನವರೆಗೆ ಹೂತಿತ್ತು. ದಿಬ್ಬದ ಮೇಲೆ ಹುಲ್ಲು ಕೆತ್ತಿ ಚೊಕ್ಕಟ ಮಾಡಿದ್ದರು. ಬೋರ್ಡಿನ ಕಂಬಕ್ಕೆ ಒಂದು ಕರು ಕಟ್ಟಿತ್ತು, ದುಂಡುದುಂಡಾಗಿ, ತಂತಿಯ ಸದ್ದಿಗೆ ಕಿವಿಯನ್ನೂ ಅಲುಗಿಸದೆ.